ಉಸ್ತಾದರ ಹದಿನಾಲ್ಕು ಹಾಳೆ

ನನಗೆ ಸಂಗೀತ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ದೋಹಾದಲ್ಲಿ ಮಕ್ಕಳಿಗೆ ವಾದ್ಯ ಕಲಿಸುವ ಒಂದು ಸಂಸ್ಥೆಯಲ್ಲಿ ಇಷ್ಟು ವರ್ಷ ದುಡಿದಿದ್ದೇನೆ ಅಂದ ಕೂಡಲೇ, ಉಳ್ಳಾಲದ ಕಡೆ ಮದುವೆಗೆ ಹೋದಾಗ ಯಾರಾದರೊಬ್ಬ "ಹಾಗಾದ್ರೆ ಒಂದು ಹಾಡಿ ಮಾರಾಯ್ರೆ" ಅನ್ನುವುದುಂಟು. ಎಂತ ಹಾಡುವುದು? ನನ್ನದು ವೀಸಾ ಕಾಗದ, ಬಸ್ಸು, ಊಟದ ಆರ್ಡರು, ನೀರಿನ ಬಾಟ್ಲಿ, ಮತ್ತೆ ಜೆರಾಕ್ಸ್. ಜೆರಾಕ್ಸ್ ಮೆಷಿನ್ನು ಇರುವುದು ನನ್ನ ಮೇಜಿನ ಪಕ್ಕದಲ್ಲೇ. ಅದರಿಂದಾಗಿಯೇ ಇವತ್ತು ಇದನ್ನು ಬರೆಯಬೇಕಾಗಿ ಬಂತು.

ಹೋದ ತಿಂಗಳು ಉಸ್ತಾದ್ ತೀರಿಕೊಂಡರು. ಅಲೆಕ್ಸಾಂಡ್ರಿಯಾದಲ್ಲಿ, ತಂಗಿಯ ಮನೆಯಲ್ಲಿ. ಸುದ್ದಿ ಬಂದದ್ದು ಆಫೀಸಿನ ವಾಟ್ಸಾಪ್ ಗುಂಪಿಗೆ. ಅದರ ಮೇಲಿದ್ದ ಮೆಸೇಜು ಪಾರ್ಕಿಂಗ್ ಸ್ಟಿಕ್ಕರಿನದ್ದು, ಕೆಳಗಿನದ್ದು ಏಸಿ ರಿಪೇರಿಯದ್ದು, ನಡುವೆ ಈ ಮನುಷ್ಯ. ನಾನು "ಇನ್ನಾಲಿಲ್ಲಾಹಿ" ಅಂದೆ, ಫೋನು ಮಗುಚಿ ಇಟ್ಟೆ, ಆಮೇಲೆ ಬಸ್ಸಿನವನಿಗೆ ಕಾಲ್ ಮಾಡಿದೆ. ಆ ವಾರ ಯುರೋಪಿನ ಮಕ್ಕಳು ಬರುವುದಿತ್ತು. ಸುಸ್ತಾದವನಿಗೆ ದುಃಖವೂ ತಡವಾಗಿಯೇ ಬರುತ್ತದೆ ಅಂತ ಕಾಣುತ್ತದೆ. ನನಗೆ ಅದು ಬಂದದ್ದು ಮೂರನೇ ದಿನ, ಇಲ್ಲೇ ದೋಹಾದ ಅಲ್ ಮನ್ಸೂರಾದ ಹೋಟೆಲಿನಲ್ಲಿ ಪರೋಟಾ ಮುರಿಯುವಾಗ.

ಅವರ ಹೆಸರು ಬರೆಯುವುದಿಲ್ಲ. ನಲವತ್ತು ವರ್ಷ ಬೇರೆಯವರ ಹಾಡು ಬರೆದು, ತನ್ನ ಹೆಸರನ್ನು ಒಂದು ಹಾಳೆಯ ಮೂಲೆಯಲ್ಲೂ ಹಾಕದ ಮನುಷ್ಯ. ನಾವೆಲ್ಲ ಉಸ್ತಾದ್ ಅಂತಲೇ ಕರೆದದ್ದು. ಇಲ್ಲಿಯೂ ಹಾಗೇ ಇರಲಿ.

ಅವರ ಕೆಲಸ ಏನು ಅಂತ ಹೇಳಿದರೆ ಈಗಿನವರು ನಗುತ್ತಾರೆ. ವಾದ್ಯ ಬಾರಿಸುವ ಪ್ರತಿಯೊಬ್ಬನ ಮುಂದೆ ಅವನ ಪಾಲಿನ ಸ್ವರಗಳನ್ನು ಗೆರೆಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಬರೆದ ಹಾಳೆ ಇರಬೇಕಲ್ಲ, ಅದನ್ನು ಕೈಯಲ್ಲಿ ಬರೆಯುವುದು. ತಮ್ಮ ಊರಿನಲ್ಲಿ ರೇಡಿಯೊದವರ ವಾದ್ಯವೃಂದಕ್ಕೆ ಬರೆಯುತ್ತಿದ್ದರಂತೆ. ಆ ವಿಭಾಗ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ನೆಲಮಹಡಿಯಲ್ಲಿ ಸ್ಟೋರಿಗೂ ಟಾಯ್ಲೆಟ್ಟಿಗೂ ನಡುವೆ ಕಿಟಕಿಯಿಲ್ಲದ ಒಂದು ಕೋಣೆ. ಇಳಿಜಾರು ಹಲಗೆ, ದಪ್ಪ ಮೊನೆಯ ಪೆನ್ನು, ಪೆನ್ಸಿಲು ಚೂಪು ಮಾಡಲಿಕ್ಕೆ ಒಂದು ಬ್ಲೇಡು. ಒಂದೊಂದು ಸಾಲು ಬರೆಯುವಾಗಲೂ ಆ ಸಾಲನ್ನು ಮೂಗಿನಲ್ಲಿ ಗುನುಗುವುದು, ಬರೆದಾದ ಮೇಲೆ ಶಾಯಿ ಒಣಗಿದ್ದರೂ ಊದುವುದು. ಚಾಗೆ ಐದು ಚಮಚ ಸಕ್ಕರೆ. "ನಿಮಗೆ ಶುಗರ್ ಉಂಟಲ್ಲ ಉಸ್ತಾದ್" ಅಂದರೆ "ಮಾಲೇಶ್" ಅನ್ನುತ್ತಿದ್ದರು. ಪರವಾಗಿಲ್ಲ ಬಿಡು ಅಂತ ಅರ್ಥ. ಚಾ ಚೆಲ್ಲಿದರೂ ಮಾಲೇಶ್, ಸಂಬಳ ತಡವಾದರೂ ಮಾಲೇಶ್, ಮ್ಯಾನೇಜರ್ ಬೈದರೂ ಮಾಲೇಶ್. ನನಗೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. ಇಷ್ಟು ಮೆತ್ತಗಿದ್ದರೆ ಯಾರು ಬೇಕಾದರೂ ತುಳಿದು ಹೋಗುತ್ತಾರೆ ಅಂತ.

ನನ್ನನ್ನು ಅವರು "ಯಾ ಹಾಜಿ" ಅಂತ ಕರೆಯುತ್ತಿದ್ದರು. ನಾನು ಹಜ್ಜಿಗೆ ಹೋದವನಲ್ಲ. ಹೇಳಿದೆ ಕೂಡ. "ಹೋಗುತ್ತೀಯಲ್ಲ, ಅಡ್ವಾನ್ಸ್ ಅಂತ ಇಟ್ಟುಕೋ" ಅಂದರು.

ನಾನು ಮದರಸದಲ್ಲಿ ಕಲಿತವನು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಬೆಳಿಗ್ಗೆ ಎದ್ದು ಮದರಸದಲ್ಲಿ ಅರಬಿ. ಅಕ್ಷರ ತಪ್ಪದೆ ಓದುತ್ತೇನೆ, ಅರ್ಥ ಮಾತ್ರ ಕೇಳಬೇಡಿ. ಗಲ್ಫಿಗೆ ಬಂದು ಇಷ್ಟು ವರ್ಷವಾದರೂ ನನ್ನ ಅರಬಿ ಯಲ್ಲಾ, ಖಲಾಸ್, ಮಾಫಿ, ಇನ್ನು ನಾಲ್ಕು ಮಾತು. ನಾನೂ ಉಸ್ತಾದರೂ ಮಾತಾಡುತ್ತಿದ್ದದ್ದು ಹರಕು ಇಂಗ್ಲಿಷಿನಲ್ಲಿ. ಒಂದು ದಿನ ಅವರ ಮೇಜಿನ ಮೇಲಿದ್ದ ಪೇಪರಿನ ಸಾಲೊಂದನ್ನು ನಾನು ಗಟ್ಟಿಯಾಗಿ ಓದಿದೆ. ಉಸ್ತಾದ್ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. "ಎಷ್ಟು ಚಂದ ಓದುತ್ತೀ ಯಾ ಹಾಜಿ! ಏನಂತೆ ಸುದ್ದಿ?" ನಾನು ಹಲ್ಲು ಕಿರಿದೆ. ಅವರು ಹೊಟ್ಟೆ ಹಿಡಿದು ನಕ್ಕರು. "ನೀನು ಬಾಗಿಲು ತಟ್ಟುವುದು ಬಹಳ ಮರ್ಯಾದೆಯಿಂದ. ಒಳಗೆ ಮಾತ್ರ ಹೋಗುವುದಿಲ್ಲ."

ಆ ಮಾತು ಆಗ ತಮಾಷೆಯೇ ಆಗಿತ್ತು. ಮನೆಗೆ ಹೋಗಿ ಹೆಂಡತಿಗೂ ಹೇಳಿ ನಗಿಸಿದ್ದೆ.

ಇನ್ನು ನಮ್ಮ ಚಳಿಗಾಲದ ಕಾರ್ಯಕ್ರಮ. ಯುರೋಪಿನ ಎರಡು ಮೂರು ಊರುಗಳಿಂದ ಮಕ್ಕಳು ಬರುತ್ತಾರೆ, ಇಲ್ಲಿನ ಅರಬ್ ಮಕ್ಕಳ ಜೊತೆ ಎರಡು ವಾರ ಅಭ್ಯಾಸ ಮಾಡಿ ಕೊನೆಗೆ ಒಂದು ಕಛೇರಿ ಕೊಡುತ್ತಾರೆ. ಉದ್ಘಾಟನೆಯ ದಿನ ಭಾಷಣ ಮಾಡಿದವರೆಲ್ಲ "ಸೇತುವೆ" ಅನ್ನುತ್ತಾರೆ. ಎಷ್ಟು ವರ್ಷದಿಂದ ಕೇಳುತ್ತಿದ್ದೇನೆ ಮಾರಾಯ್ರೆ. ಕಛೇರಿ ಮುಗಿದ ಮರುದಿನ ಆ ಸೇತುವೆಯನ್ನು ಬಿಚ್ಚಿ, ಬ್ಯಾನರು ಸುತ್ತಿ, ಸ್ಟೋರಿಗೆ ಹಾಕುವವನು ನಾನೇ. ಮುಂದಿನ ಡಿಸೆಂಬರಿಗೆ ಧೂಳು ಒರೆಸಿ ತೆಗೆಯುವವನೂ ನಾನೇ.

ಉಸ್ತಾದ್ ಭಾಷಣದ ದಿನ ಬರುತ್ತಿರಲಿಲ್ಲ. ಅಭ್ಯಾಸದ ಮೊದಲ ಮೂರು ದಿನ ಮಾತ್ರ ಹಾಲಿನ ಹಿಂದಿನ ಸಾಲಿನಲ್ಲಿ ಕೂತು, ಮಕ್ಕಳನ್ನು ನೋಡುತ್ತಿದ್ದರು. ಕೇಳುವುದಕ್ಕಿಂತ ನೋಡುವುದೇ ಜಾಸ್ತಿ. ಯಾರು ಪಿಟೀಲಿನ ಕಮಾನು ಹೇಗೆ ಹಿಡಿಯುತ್ತಾರೆ, ಯಾರು ಪಕ್ಕದವನ ಮುಖ ನೋಡುತ್ತಾರೆ, ಯಾರು ತಪ್ಪಿದಾಗ ತುಟಿ ಕಚ್ಚುತ್ತಾರೆ. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದರು. "ಬಿಳಿ ಮಕ್ಕಳು ಬರೆದದ್ದನ್ನೆಲ್ಲ ಬಾರಿಸುತ್ತಾರೆ, ಒಂದು ಚುಕ್ಕೆ ಬಿಡುವುದಿಲ್ಲ. ನಮ್ಮವು ಬರೆಯದ್ದನ್ನೆಲ್ಲ ಬಾರಿಸುತ್ತವೆ" ಅನ್ನುತ್ತಿದ್ದರು. ಪಿಟೀಲಿನ ಮಕ್ಕಳನ್ನು ಒಬ್ಬ ಅರಬ್, ಒಬ್ಬ ಯುರೋಪಿಯನ್ ಹೀಗೆ ಜೋಡಿಯಾಗಿ ಕೂರಿಸುವುದು, ಒಂದು ಸ್ಟ್ಯಾಂಡಿನ ಮೇಲೆ ಎರಡು ಹಾಳೆ ಇಡುವುದು ಅವರದೇ ಪದ್ಧತಿ. ಒಂದು ಸ್ಟ್ಯಾಂಡಿಗೆ ಒಂದು ಹಾಳೆ ಸಾಲದೇ ಅಂತ ನಾನು ಕೇಳಿದ್ದುಂಟು. ಪೇಪರು ಉಳಿಯುತ್ತದಲ್ಲ! ಅವರು ಶಾಯಿ ಊದುತ್ತಾ ಕೂತರು. ಅದೇ ಅವರ ದೊಡ್ಡ ದೋಷ. ವಿವರಿಸುವುದು ಅಂದರೆ ಅವರಿಗೆ ಅವಮಾನ. "ಬಾರಿಸಿದ ಮೇಲೆ ಗೊತ್ತಾಗುತ್ತದೆ" ಅನ್ನುವುದೊಂದೇ ಮಾತು.

ಬಾರಿಸಿದ ಮೇಲೆ ಗೊತ್ತಾಗುತ್ತಿತ್ತು ಕೂಡ. ಅರಬರ ಕಛೇರಿಯಲ್ಲಿ ಒಂದು ರೂಢಿ ಉಂಟು. ಮನಸ್ಸಿಗೆ ತಾಗಿದ ಕಡೆ ಸಭೆಯಲ್ಲಿ ಕೂತವರು "ಅಲ್ಲಾಹ್!" ಅಂತ ಗಟ್ಟಿಯಾಗಿ ಅಂದುಬಿಡುತ್ತಾರೆ, ಹಾಡು ನಡೆಯುತ್ತಿರುವಾಗಲೇ. ಒಂದು ವರ್ಷ ಮುಂದಿನ ಸಾಲಿನ ಮುದುಕರೊಬ್ಬರು ಹಾಗೆ ಕೂಗಿದ್ದಕ್ಕೆ ಯುರೋಪಿನ ಹುಡುಗಿಯೊಬ್ಬಳು ತಾನೇನೋ ತಪ್ಪು ಮಾಡಿದೆ ಅಂತ ಹೆದರಿ ಬಾರಿಸುವುದನ್ನೇ ನಿಲ್ಲಿಸಿದಳು. ಕಣ್ಣಲ್ಲಿ ನೀರು. ಉಸ್ತಾದ್ ಆಮೇಲೆ ಅವಳ ಹತ್ತಿರ ಹೋಗಿ, ತಮ್ಮ ಹರಕು ಇಂಗ್ಲಿಷಿನಲ್ಲಿ, "ಮಗಳೇ, ಅದು ಬೈಗುಳ ಅಲ್ಲ, ಅದು ಬಹುಮಾನ" ಅಂದರು. ಅಂದಿನಿಂದ ಪ್ರತಿ ಕಛೇರಿಯಲ್ಲೂ ಅವರು ಬೆರಳು ಮಡಚಿ "ಅಲ್ಲಾಹ್" ಎಷ್ಟು ಬಂತು ಅಂತ ಎಣಿಸುವುದನ್ನು ನಾನು ನೋಡಿದ್ದೇನೆ.

ನಾಲ್ಕು ವರ್ಷದ ಹಿಂದೆ ಹೊಸ ಮೇಡಂ ಬಂದರು. ಮಕ್ಕಳ ಮುಂದೆ ನಿಂತು ಕೋಲು ಬೀಸಿ ನಡೆಸುವವರು, ಕಂಡಕ್ಟರ್. ಯುರೋಪಿನವರು, ಬಹಳ ಶಿಸ್ತು, ಒಳ್ಳೆಯ ಹೆಂಗಸು. ಅದಕ್ಕೆ ಮೊದಲು ಬರುತ್ತಿದ್ದವರಿಗೆ ಉಸ್ತಾದರ ರೀತಿ ಗೊತ್ತಿತ್ತು, ಹಾಳೆ ಹಂಚುವುದನ್ನೂ ಆ ಹಳಬರೇ ಮಾಡುತ್ತಿದ್ದರು. ಇವರಿಗೆ ಗೊತ್ತಿರಲಿಲ್ಲ. ಎರಡನೇ ದಿನ ಒಂದು ಸಣ್ಣ ಅಭ್ಯಾಸದ ಹಾಳೆಯಲ್ಲಿ, ಪಕ್ಕಪಕ್ಕದ ಇಬ್ಬರು ಮಕ್ಕಳದ್ದು ತಾಳೆಯಾಗುವುದಿಲ್ಲ ಅಂತ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಆಫೀಸಿಗೆ ಕಳಿಸಿದರು. ಮ್ಯಾನೇಜರ್ ಅದನ್ನು ನನ್ನ ಮೇಜಿನ ಮೇಲೆ ಕುಕ್ಕಿ, "ಮುದುಕನ ಕಣ್ಣು ಹೋಗಿದೆ. ಇದೊಂದು ಸಲ ನೋಡುವುದು, ಮತ್ತೊಮ್ಮೆ ತಪ್ಪು ಬಂದರೆ ಖಲಾಸ್. ಎಲ್ಲಾ ಕಂಪ್ಯೂಟರಿನಲ್ಲೇ ಮಾಡಿಸಿದರಾಯಿತು" ಅಂದ.

ಇಲ್ಲಿ ಕೆಲಸ ಹೋಯಿತು ಅಂದರೆ ವಾಸದ ಐಡಿ ಹೋಯಿತು, ಐಡಿ ಹೋದರೆ ಉಳಿಯುವುದು ವಿಮಾನದ ಟಿಕೇಟು ಮಾತ್ರ. ಅರವತ್ತು ದಾಟಿದವರಿಗೆ ವರ್ಷ ವರ್ಷವೂ ಅದೇ ಭಯ. ಉಸ್ತಾದರಿಗೆ ಊರಿನಲ್ಲಿ ಹೆಂಡತಿಯಿಲ್ಲ, ಮಕ್ಕಳಿಲ್ಲ. "ತಂಗಿಯ ಬಾಲ್ಕನಿಯಲ್ಲಿ ಒಂದು ಕುರ್ಚಿ ಉಂಟು, ಸಮುದ್ರ ಕಾಣುತ್ತದೆ. ಆದರೆ ಸಮುದ್ರಕ್ಕೆ ಹಾಳೆ ಬರೆದುಕೊಡಲು ಆಗುತ್ತದಾ?" ಅನ್ನುತ್ತಿದ್ದರು. ಕೆಂಪು ಸುತ್ತು ನೋಡಿದ ಮೇಲೆ ಮೊದಲ ಸಲ ಅವರು ಮಾಲೇಶ್ ಅನ್ನಲಿಲ್ಲ. ಕಣ್ಣಿನ ಪೊರೆ ತೆಗೆಸಲಿಕ್ಕೆ ಆಸ್ಪತ್ರೆಗೆ ಹೆಸರು ಕೊಟ್ಟರು. "ಕಣ್ಣೇ ಸರಿಯಾದ ಮೇಲೆ ಯಾವ ನೆಪ ಹೇಳುತ್ತಾರೆ ನೋಡುವ" ಅಂದರು. ಮೂರು ದಿನ ಮಕ್ಕಳನ್ನು ನೋಡಿ, ಕಛೇರಿಯ ಮುಖ್ಯ ಹಾಡಿಗೆ ಹದಿನಾಲ್ಕು ಪಿಟೀಲಿನ ಹಾಳೆ ಬರೆದು ಮುಗಿಸಿ, ಗುರುವಾರ ನನ್ನ ಕೈಗೆ ಕೊಟ್ಟರು. "ಒಂದೊಂದು ಕಾಪಿ ತೆಗೆದು ಮಕ್ಕಳಿಗೆ ಹಂಚು ಯಾ ಹಾಜಿ. ಮೇಲೆ ಹೆಸರು ಬರೆದಿದ್ದೇನೆ, ಅದಲು ಬದಲು ಮಾಡಬೇಡ." ಅಷ್ಟು ಹೇಳಿ ಆಸ್ಪತ್ರೆಗೆ ಹೋದರು.

ಶುಕ್ರವಾರ ಬೆಳಿಗ್ಗೆ ಆಫೀಸು ಖಾಲಿ. ನಾನು ಹೋಗಿ ಮೆಷಿನ್ನು ಬಿಸಿಮಾಡಿ, ಯಾವತ್ತೂ ಮಾಡದ ಕೆಲಸವೊಂದನ್ನು ಮಾಡಿದೆ. ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಆ ಕೆಂಪು ಸುತ್ತು ತಲೆಯಲ್ಲಿ ಕೂತಿತ್ತಲ್ಲ. ಸಂಗೀತ ಬರದಿದ್ದರೂ ಚುಕ್ಕೆ ಎಲ್ಲಿದೆ ಎಲ್ಲಿಲ್ಲ ಅಂತ ಕಾಣುವುದಿಲ್ಲವಾ? ಹದಿನಾಲ್ಕೂ ಬೇರೆ ಬೇರೆ! ಒಂದರಲ್ಲಿ ಚುಕ್ಕೆಗಳ ಇರುವೆ ಸಾಲು, ಒಂದರಲ್ಲಿ ಅದೇ ಜಾಗ ಖಾಲಿ. ಪಾಪ, ಮುದುಕನಿಗೆ ಕಣ್ಣು ಪೂರ್ತಿ ಹೋಗಿದೆ, ಇದನ್ನು ಮೇಡಂ ನೋಡಿದರೆ ಮುಗಿಯಿತು ಅಂದುಕೊಂಡೆ. ಪ್ರತಿ ಹಾಳೆಯ ನೆತ್ತಿಯಲ್ಲಿ ಅರಬಿಯಲ್ಲಿ ಮಗುವಿನ ಹೆಸರು, ಹೆಸರಿನ ಕೆಳಗೆ ಅರಬಿಯಲ್ಲೇ ಒಂದೊಂದು ಸಾಲು. ಅದನ್ನೂ ಓದಿದೆ. ಅಕ್ಷರ ಬಿಡದೆ ಓದಿದೆ. ಅರ್ಥ ಯಾರಿಗೆ ಗೊತ್ತು?

ಮನೆಗೆ ಫೋನು ಮಾಡಿದೆ. ಹೆಂಡತಿ, "ನಿಮಗ್ಯಾಕೆ ಇಲ್ಲದ ಉಸಾಬರಿ? ಕೊಟ್ಟದ್ದನ್ನು ಕೊಟ್ಟ ಹಾಗೆ ಹಂಚಿ ಬನ್ನಿ, ನಮಾಜಿಗೆ ಹೊತ್ತಾಗ್ತದೆ" ಅಂದಳು. ಕೇಳಬೇಕಿತ್ತು. ಕೇಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಒಂದು ಉಪಾಯ ಹೊಳೆಯಿತು ನನಗೆ. ಹದಿನಾಲ್ಕರಲ್ಲಿ ಎಲ್ಲಕ್ಕಿಂತ ಚೊಕ್ಕವಾಗಿದ್ದ, ಗಜಿಬಿಜಿಯಿಲ್ಲದ ಒಂದು ಹಾಳೆ ಆರಿಸಿದೆ. ಹೆಸರೂ ಅದರ ಕೆಳಗಿನ ಸಾಲೂ ಮುಚ್ಚುವ ಹಾಗೆ ಬಿಳಿ ಕಾಗದದ ಚೂರು ಅಂಟಿಸಿದೆ. ಅದನ್ನೇ ಹದಿನಾಲ್ಕು ಕಾಪಿ ತೆಗೆದೆ. ಉಸ್ತಾದರ ಮಾನ ಉಳಿಸಿದೆ ಅಂತ ಎಂಥ ಸಮಾಧಾನ! ಮೂಲ ಹಾಳೆಗಳನ್ನು ನನ್ನ ಡ್ರಾಯರಿನ ತಳಕ್ಕೆ ಹಾಕಿ, ಶನಿವಾರ ಕಾಪಿ ಹಂಚಿದೆ. ಮೇಡಂ ಹಾಳೆ ನೋಡಿ ಹೆಬ್ಬೆರಳು ಎತ್ತಿದರು.

ಕಛೇರಿಯ ದಿನ ಉಸ್ತಾದ್ ಕಪ್ಪು ಕನ್ನಡಕ ಹಾಕಿಕೊಂಡು, ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಹಾಡು ಶುರುವಾಯಿತು. ಹದಿನಾಲ್ಕು ಕಮಾನು ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ. ಅಷ್ಟು ನೀಟು ನಾನು ಯಾವ ವರ್ಷವೂ ಕಂಡಿರಲಿಲ್ಲ. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಇಡೀ ಹಾಡಿನಲ್ಲಿ ಒಬ್ಬನೇ ಒಬ್ಬ "ಅಲ್ಲಾಹ್" ಅನ್ನಲಿಲ್ಲ. ಉಸ್ತಾದರ ಕೈ ನೋಡಿದೆ. ಐದು ಬೆರಳೂ ಬಿಚ್ಚಿಕೊಂಡೇ ಇದ್ದವು.

ಮ್ಯಾನೇಜರಿಗೆ ಮಹಾ ಖುಷಿ. "ನೋಡಿದೆಯಾ? ಹದಿನಾಲ್ಕು ಜನರಿಗೂ ಒಂದೇ ಹಾಳೆ ಅಂತೆ, ಮೇಡಂ ಹೇಳಿದರು. ಇಷ್ಟಕ್ಕೆ ಕೈಯಲ್ಲಿ ಬರೆಯುವ ಮನುಷ್ಯ ಯಾಕೆ? ಒಂದು ಬಟನ್ ಒತ್ತಿದರೆ ಬರುತ್ತದೆ." ನಮ್ಮೂರಲ್ಲಿ ಹೇಳುತ್ತಾರಲ್ಲ, ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಹಾಗೆ. ಉಸ್ತಾದರನ್ನು ಉಳಿಸಲು ಹೋಗಿ, ಅವರು ಬೇಡ ಅಂತ ಸಾಬೀತು ಮಾಡಿದವನು ನಾನೇ.

ಮರುದಿನ ಅವರೇ ನನ್ನನ್ನು ಕರೆದರು. ಹಲಗೆಯ ಮೇಲೆ ಏನೂ ಇರಲಿಲ್ಲ. "ಯಾರ ಹಾಳೆ ಕಾಪಿ ಮಾಡಿದೆ ಯಾ ಹಾಜಿ?" ಅಂದರು. ದನಿಯಲ್ಲಿ ಸಿಟ್ಟಿಲ್ಲ, ಬರೀ ಆಯಾಸ. ನಾನು ಡ್ರಾಯರಿನಿಂದ ತಂದು ತೋರಿಸಿದೆ. ಯುರೋಪಿನ ಒಬ್ಬ ಕನ್ನಡಕದ ಹುಡುಗಿಯ ಹಾಳೆ ಅದು. ಅವರು ಹೆಸರಿನ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. "ಓದು."

ಓದಿದೆ.

"ಏನು ಬರೆದಿದೆ ಗೊತ್ತಾ? 'ಇವಳ ಕೈ ನಡುಗುತ್ತದೆ. ಉಸಿರು ತೆಗೆಯಲು ಜಾಗ ಕೊಟ್ಟಿದ್ದೇನೆ.' ಅದಕ್ಕೇ ಇದರಲ್ಲಿ ಚುಕ್ಕೆ ಕಡಿಮೆ."

ಆಮೇಲೆ, ಜೀವಮಾನದಲ್ಲಿ ವಿವರಿಸದ ಮನುಷ್ಯ, ನನಗೆ ವಿವರಿಸಿದರು. ಅರಬರಲ್ಲಿ ಹಾಡು ಒಂದೇ, ಆದರೆ ಪ್ರತಿಯೊಬ್ಬನೂ ತನ್ನ ಗಮಕ ಸೇರಿಸಿ ತನ್ನ ಹಾಗೆ ಬಾರಿಸುತ್ತಾನೆ. ಯುರೋಪಿನ ಮಕ್ಕಳಿಗೆ ಹಾಗೆ ಬಿಟ್ಟು ಬಾರಿಸಲು ಹೆದರಿಕೆ. ಅದಕ್ಕೆ ಒಬ್ಬೊಬ್ಬರ ಕೈ ನೋಡಿ, ಒಬ್ಬೊಬ್ಬರಿಗೂ ಬೇರೆ ಬೇರೆ ಗಮಕ ಬರೆದು ಕೊಡುವುದು. ಇಲ್ಲಿನ ಮಕ್ಕಳು ಬಿಟ್ಟರೆ ಹಿಡಿಯಲು ಸಿಗುವುದಿಲ್ಲ, ಅವರಿಗೆ ಅಲ್ಲಲ್ಲಿ ಒಂದೊಂದು ಗೂಟ ಬಡಿದು ಕೊಡುವುದು. "ಅವರು ಬರೆದದ್ದನ್ನೇ ಬಾರಿಸಲಿ, ಪರವಾಗಿಲ್ಲ. ಪಕ್ಕದವನದ್ದು ಬೇರೆ ಅಂತ ಕಿವಿಗೆ ಬಿದ್ದರೆ, ಒಂದು ದಿನ ಬರೆಯದ್ದನ್ನೂ ಬಾರಿಸುತ್ತಾರೆ. ಹದಿನಾಲ್ಕು ಮಕ್ಕಳಿಗೂ ನೀನು ಆ ನಡುಗುವ ಕೈ ಕೊಟ್ಟೆಯಲ್ಲೋ." ಅಷ್ಟಂದು ನಕ್ಕರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

"ನಾನು ಮ್ಯಾನೇಜರಿಗೆ ಹೇಳುತ್ತೇನೆ, ಮೇಡಂಗೂ ಹೇಳುತ್ತೇನೆ" ಅಂದೆ. ಎದ್ದೂ ನಿಂತೆ. ಅವರು ನನ್ನ ಮಣಿಕಟ್ಟು ಹಿಡಿದು ಕೂರಿಸಿದರು. "ನಿನಗೆ ಹೆಂಡತಿ ಉಂಟು, ಶಾಲೆಗೆ ಹೋಗುವ ಮಕ್ಕಳು ಉಂಟು. ನನಗೆ ಹೇಗೂ ವಯಸ್ಸಾಯಿತು. ಇಬ್ಬರು ಯಾಕೆ ಹೋಗಬೇಕು?"

ಒಂದು ಮಾತು ನಿಜ ಹೇಳುತ್ತೇನೆ. ಅವರು ಹಿಡಿದದ್ದು ಬಹಳ ಸಡಿಲವಾಗಿ. ಬಿಡಿಸಿಕೊಂಡು ಹೋಗಬಹುದಿತ್ತು. ನಾನು ಹೋಗಲಿಲ್ಲ.

ಮೂರು ತಿಂಗಳಲ್ಲಿ ಅವರ ಪೇಪರುಗಳನ್ನು ನಾನೇ ತಯಾರು ಮಾಡಿದೆ. ವೀಸಾ ಕ್ಯಾನ್ಸಲ್ ಫಾರಂ, ಟಿಕೇಟು, ಎಲ್ಲಾ. ಏರ್‌ಪೋರ್ಟಿಗೂ ನಾನೇ ಬಿಟ್ಟು ಬಂದೆ. ಗಾಜಿನ ಬಾಗಿಲ ಹತ್ತಿರ ನಿಂತು "ಮೂಲ ಹಾಳೆ ಬಿಸಾಡಬೇಡ" ಅಂದರು. ಇನ್ನೇನೋ ಹೇಳುತ್ತಾರೆ ಅಂತ ನಾನು ಕಾದೆ. "ಮಾಲೇಶ್ ಯಾ ಹಾಜಿ" ಅಂದು, ಬೆನ್ನು ತಟ್ಟಿ ಒಳಗೆ ಹೋದರು.

ಆಮೇಲಿನ ವರ್ಷಗಳೆಲ್ಲ ಕಂಪ್ಯೂಟರಿನ ಹಾಳೆಗಳೇ, ಒಂದೇ ಥರದವು. ಮಕ್ಕಳು ಬಂದರು, ಬಾರಿಸಿದರು, ಹೋದರು. ಬ್ಯಾನರು ಬಿಚ್ಚಿದೆ, ಸುತ್ತಿದೆ. ಯಾರೂ "ಅಲ್ಲಾಹ್" ಅನ್ನುತ್ತಿಲ್ಲ ಅನ್ನುವುದನ್ನು ನನ್ನ ಹೊರತು ಯಾರಾದರೂ ಗಮನಿಸಿದರೋ ಇಲ್ಲವೋ ಗೊತ್ತಿಲ್ಲ.

ಈ ವರ್ಷ ಅದೇ ಮೇಡಂ ಮತ್ತೆ ಬಂದರು. ಪರೋಟಾ ಅರ್ಧಕ್ಕೆ ಬಿಟ್ಟು ಎದ್ದು ಬಂದ ದಿನ ನಾನು ಮೊದಲು ಮ್ಯಾನೇಜರಿನ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಅವನು ಫೋನಿನಿಂದ ಕಣ್ಣು ತೆಗೆಯದೆ, "ಹಳೇ ಕಥೆ ಬಿಡು. ನೀರಿನ ಬಾಟ್ಲಿ ಬಂತಾ?" ಅಂದ. ನಾಲ್ಕು ವರ್ಷ ಹೆದರಿದ್ದು ಇದಕ್ಕಾ! ಡ್ರಾಯರಿನಿಂದ ಹಾಳೆ ತೆಗೆದು ಸೀದಾ ಅಭ್ಯಾಸದ ಹಾಲಿಗೆ ಹೋದೆ. ಮೇಡಂಗೆ ಅಲ್ಲೇ, ಮಕ್ಕಳ ಎದುರಿಗೇ ಹೇಳಿದೆ. ಅವರು ಹಾಳೆಗಳನ್ನು ಒಂದೊಂದಾಗಿ ನೆಲದ ಮೇಲೆ ಹಾಸಿ, ಮೊಣಕಾಲೂರಿ, ಬೆರಳಾಡಿಸುತ್ತಾ ಬಹಳ ಹೊತ್ತು ನೋಡಿದರು. "ಕಛೇರಿ ಸರಿಯಾಗಿತ್ತಾ ಅಂತ ಆಗ ಎಲ್ಲರೂ ನನ್ನನ್ನು ಕೇಳಿದರು. ಚೆನ್ನಾಗಿತ್ತಾ ಅಂತ ಒಬ್ಬರೂ ಕೇಳಲಿಲ್ಲ" ಅಂದರು. ಆಮೇಲೆ, "ಅವರು ಎಲ್ಲಿದ್ದಾರೆ?"

"ತೀರಿಕೊಂಡರು ಮೇಡಂ."

ಅವರು ಎದ್ದು ಮಂಡಿಯ ಧೂಳು ಕೊಡವಿಕೊಂಡು, "ಈ ಸಾಲುಗಳನ್ನು ಓದಿ" ಅಂದರು.

ನಾನು ಓದಿದೆ. ನನಗೆ ಅರ್ಥವಾಗದ್ದು ಇಲ್ಲಿನ ಮಕ್ಕಳಿಗೆ ಅರ್ಥವಾಗುತ್ತದಲ್ಲ. ಅವು ಕಿಸಕ್ಕನೆ ನಕ್ಕು, ಪಕ್ಕದ ಯುರೋಪಿನ ಮಕ್ಕಳಿಗೆ ಇಂಗ್ಲಿಷಿನಲ್ಲಿ ಹೇಳಿದವು. 'ಇವನಿಗೆ ಬಹಳ ಅವಸರ. ಮೂರು ಕಡೆ ತಡೆದಿದ್ದೇನೆ.' ಒಬ್ಬ ಹುಡುಗ ಕೈ ಎತ್ತಿದ. "ಅಂಕಲ್, ಅದು ನಾನೇ. ಅದು ನನಗೆ ಕೊಡಿ." 'ಇವಳು ಪಕ್ಕದವಳನ್ನು ನೋಡಿಯೇ ಬಾರಿಸುತ್ತಾಳೆ. ಒಂದು ಸಾಲು ಒಬ್ಬಳಿಗೇ ಬಿಟ್ಟಿದ್ದೇನೆ.' ಇಬ್ಬರು ಹುಡುಗಿಯರು ಆ ಹಾಳೆಗೆ ಕಿತ್ತಾಡಿದರು. 'ಇವನಿಗೆ ತಾನು ಜಾಣ ಅಂತ ಗೊತ್ತು. ಕಷ್ಟದ್ದನ್ನು ಕೊಟ್ಟಿದ್ದೇನೆ, ಸ್ವಲ್ಪ ಬೀಳಲಿ.' ಇಡೀ ಹಾಲು ಒಬ್ಬನನ್ನೇ ತೋರಿಸಿ ಬೊಬ್ಬೆ ಹಾಕಿತು. ಉಸ್ತಾದ್ ನೋಡದ ಮಕ್ಕಳು, ಉಸ್ತಾದರನ್ನು ನೋಡದ ಮಕ್ಕಳು, ಒಂದೊಂದೇ ತಮ್ಮ ತಮ್ಮ ಹಾಳೆ ಆರಿಸಿಕೊಂಡು ಹೋದವು.

ಈ ವರ್ಷ ಪಿಟೀಲು ಹದಿಮೂರೇ. ಒಬ್ಬಳಿಗೆ ವೀಸಾ ಆಗಲಿಲ್ಲ. ಹದಿಮೂರು ಹಾಳೆ ಹೋಗಿ ಒಂದು ನನ್ನ ಕೈಯಲ್ಲಿ ಉಳಿಯಿತು. ಬಿಳಿ ಚೂರು ಅಂಟಿಸಿ ಕಿತ್ತ ಗುರುತು ಅದರ ಮೇಲೆ ಇನ್ನೂ ಉಂಟು. ಮೇಡಂ "ಅದರಲ್ಲೇನಿದೆ?" ಅಂದರು. ನಾನು ಓದಿದೆ. ಈ ಸಲ ಯಾವ ಮಗುವೂ ನನಗೆ ಅರ್ಥ ಹೇಳಬೇಕಾಗಿರಲಿಲ್ಲ, ಇದೊಂದನ್ನು ಉಸ್ತಾದರೇ ಹೇಳಿಕೊಟ್ಟಿದ್ದರು. ಯಾರೂ ಕೈ ಎತ್ತಲೂ ಇಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಹಾಳೆಯನ್ನೇ ನೋಡುತ್ತಿದ್ದಳು. "ಅಂಕಲ್," ಅಂದಳು, "ನಿಮ್ಮ ಕೈ ನಡುಗ್ತಾ ಇದೆ."